ಕೆಮ್ಮದೆ ಓದಿದ ಅಧ್ಯಾಯ

ಪ್ರಾರ್ಥನಾ ಮನೆಯಲ್ಲಿ ಗ್ರಂಥ ಓದುವ ಕೆಲಸ ದರ್ಜಿಯದು. ಅವನಿಗೆ ಅದು ಅಪ್ಪನಿಂದ ಬಂತು, ಅಪ್ಪನಿಗೆ ಅಜ್ಜನಿಂದ. ಓದುವುದರ ಜೊತೆಗೆ ಕೆಮ್ಮುವುದೂ ಬಂತು.

ನಗಬೇಡಿ, ಆ ಕೆಮ್ಮಿಗೊಂದು ಅರ್ಥವಿತ್ತು. ಹೆಣವನ್ನು ಮಣ್ಣಿಗಿಳಿಸುವ ಮುನ್ನ ಓದುವ ಅಧ್ಯಾಯ ಬಲು ಖಡಕ್ಕು. ಯಾರ್ಯಾರಿಗೆ ನಮ್ಮ ಮಣ್ಣಿನಲ್ಲಿ ಜಾಗವಿಲ್ಲ ಎಂದು ಅದು ಮುಖ ಮೋರೆ ನೋಡದೆ ಹೇಳುತ್ತದೆ. ಅಕ್ಷರಕ್ಕೆ ಅಕ್ಷರ ಪಾಲಿಸಹೊರಟರೆ ಸ್ಮಶಾನದಲ್ಲಿ ಬರೀ ಹುಲ್ಲು ಬೆಳೆಯಬೇಕಷ್ಟೆ. ಅದಕ್ಕೇ, ಸತ್ತವರಿಗೋ ಎದುರು ಕೂತವರಿಗೋ ಚುಚ್ಚುವ ಸಾಲು ಬಂದರೆ ಓದುವವನು ಒಮ್ಮೆ ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಾನೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ದಿನಸಿ ಅಂಗಡಿಯವನ ಅಪ್ಪ ತೀರಿಕೊಂಡಾಗ ದರ್ಜಿ ಎಷ್ಟು ಕೆಮ್ಮಿದನೆಂದರೆ, ಹೊಸಬರೊಬ್ಬರು ಪಾಪ ಎಂದು ನೀರು ತಂದುಕೊಟ್ಟಿದ್ದರು.

ಈಗ ಸತ್ತಿದ್ದವಳು ದರ್ಜಿಯ ಅಕ್ಕ. ಅಮ್ಮ ಸದಾ ಕಾಯಿಲೆಯವಳಾದ್ದರಿಂದ ಅವನನ್ನು ಎತ್ತಿ ಆಡಿಸಿದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದು ಎಲ್ಲ ಅವಳೇ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದಳು. ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಇಸ್ತ್ರಿ ಅಂಗಡಿ ಇಟ್ಟಳು. ದರ್ಜಿ ಹೊಲಿದ ಬಟ್ಟೆಯೆಲ್ಲ ಇಸ್ತ್ರಿಗೆ ಅಲ್ಲಿಗೇ ಹೋಗುತ್ತಿತ್ತು. ಕಡಿಮೆ ಬಿದ್ದ ಗುಂಡಿಯನ್ನು ಅವಳೇ ಹಚ್ಚಿ, ಮಾತಿಲ್ಲದೆ ಮಡಿಸಿ ಕಳಿಸುತ್ತಿದ್ದಳು. ಕೊನೆಗಾಲದಲ್ಲಿ ಅವಳು ತಮ್ಮನನ್ನು ಕೇಳಿದ್ದು ಒಂದೇ ಒಂದು.

"ನನ್ನನ್ನ ಅಮ್ಮನ ಪಕ್ಕದಲ್ಲೇ ಮಲಗಿಸೋ."

"ಆಯ್ತಕ್ಕಾ," ಎಂದು ಅವನು ಕೈ ಹಿಡಿದು ಮಾತು ಕೊಟ್ಟಿದ್ದ.

ಆದರೆ ಅವಳನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ಸಭೆಯ ಯಜಮಾನರು ದರ್ಜಿಯನ್ನು ಪಡಸಾಲೆಗೆ ಕರೆದರು. ಮರದ ಡಿಪೋ ಇಟ್ಟುಕೊಂಡವರು, ಗಟ್ಟಿ ಗಂಟಲಿನವರು.

"ನಿಮ್ಮಕ್ಕ ಗಂಡನ್ನ ಬಿಟ್ಟು ಬಂದೋಳು ಕಣಪ್ಪಾ. ಆ ಸಾಲಿಗೆ ಕೆಮ್ಮೋ ಹಾಗಿಲ್ಲ, ಓದ್ಬೇಕು. ಓದಿದ್ಮೇಲೆ ನಮ್ಮ ಮಣ್ಣಲ್ಲಿ ಜಾಗ ಇಲ್ಲ. ನಗರಸಭೆಯವರ ಸ್ಮಶಾನ ಇದೆಯಲ್ಲ."

"ಬೇರೆ ಸಾಲಿಗೆಲ್ಲ ಕೆಮ್ಮಿದೀನಲ್ಲ ಯಜಮಾನ್ರೇ?"

"ಅದು ಬೇರೆ, ಇದು ಬೇರೆ. ನಾಳೆ ನಮ್ಮ ಮನೆ ಹೆಣ್ಮಕ್ಕಳೂ ಇದನ್ನೇ ಕಲೀತಾರೆ. ಗ್ರಂಥದಲ್ಲಿ ಬರ್ದಿದೆ ಅಂದ್ಮೇಲೆ ಮುಗೀತು."

ದರ್ಜಿಗೆ ಮೈಯೆಲ್ಲ ಉರಿಯಿತು. ಬರೆದಿರುವುದು ಅದೊಂದೇನಾ?

"ಸರಿ," ಎಂದ. "ಇವತ್ತು ಕೆಮ್ಮೋದೇ ಇಲ್ಲ."

"ಒಳ್ಳೇ ಮಾತು," ಎಂದು ಯಜಮಾನರು ಬೆನ್ನು ತಟ್ಟಿ ಹೋದರು. ಅವರಿಗೆ ಪಾಪ, ಅರ್ಥವಾಗಿರಲಿಲ್ಲ.

ಮಧ್ಯಾಹ್ನ ಸಭೆ ತುಂಬಿತ್ತು. ಅಕ್ಕ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಬಟ್ಟೆಯ ಅಂಚು ದರ್ಜಿಯೇ ಹೊಲಿದದ್ದು. ಅವನು ಓದತೊಡಗಿದ.

"ತೂಕದಲ್ಲಿ ಮೋಸ ಮಾಡಿದವನಿಗೆ ಇಲ್ಲಿ ಜಾಗವಿಲ್ಲ." ದಿನಸಿ ಅಂಗಡಿಯವನು ಹೌಹಾರಿ ತಲೆ ಎತ್ತಿದ. "ಸುಳ್ಳು ಸಾಕ್ಷಿ ಹೇಳಿದವನಿಗೆ ಇಲ್ಲಿ ಜಾಗವಿಲ್ಲ." ಆಸ್ತಿಗಾಗಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರು ಅಂದು ಮೊದಲ ಸಲ ಒಟ್ಟಿಗೇ ನೆಲ ನೋಡಿದರು. "ನೆರೆಯವನ ನೆಲಕ್ಕೆ ಗೋಡೆ ಸರಿಸಿದವನಿಗೆ ಇಲ್ಲಿ ಜಾಗವಿಲ್ಲ." ಯಜಮಾನರ ಡಿಪೋ ಗೋಡೆ ಪಕ್ಕದವರ ಅಂಗಳಕ್ಕೆ ಎಷ್ಟು ಒಳಬಂದಿದೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ಅವರ ಮುಖ ಕಪ್ಪಿಟ್ಟಿತು.

ದರ್ಜಿಗೆ ಒಳಗೊಳಗೇ ಸಂತೋಷವಾಯಿತು. ಸುಳ್ಳೇಕೆ, ಅಕ್ಕನ ಹೆಣದ ಮುಂದೆ ನಿಂತೂ ಸಂತೋಷವಾಯಿತು. ಅದೇ ಉತ್ಸಾಹದಲ್ಲಿ ಬೆರಳು ಕೆಳಗೆ ಸರಿಸಿದ. ಬೆರಳು ಅಲ್ಲೇ ನಿಂತಿತು.

ಅಲ್ಲಿ ಇನ್ನೊಂದು ಸಾಲಿತ್ತು. ವರ್ಷಗಟ್ಟಲೆ ಆ ಜಾಗಕ್ಕೆ ಬಂದಾಗಲೆಲ್ಲ ಅವನ ಗಂಟಲು ತಾನಾಗಿಯೇ ಕೆಮ್ಮುತ್ತಿತ್ತು. ಯಾರ ಸಲುವಾಗಿ ಎಂದು ಅವನು ಕೇಳಿಕೊಂಡವನಲ್ಲ. ಕೆಮ್ಮಿ ಕೆಮ್ಮಿ, ಅಲ್ಲೊಂದು ಸಾಲಿದೆ ಎಂಬುದನ್ನೇ ಮರೆತಿದ್ದ.

ಅಕ್ಕ ಮನೆ ಬಿಟ್ಟು ಮೊದಲು ಬಂದದ್ದು ಅವನ ಬಾಗಿಲಿಗೆ. ಕೈಯಲ್ಲೊಂದು ಚೀಲ, ತುಟಿ ಒಡೆದಿತ್ತು. ಅವನು ಬಾಗಿಲನ್ನು ಅರ್ಧ ತೆರೆದು, "ಒಂದೆರಡು ದಿನ ಎಲ್ಲಾದ್ರೂ ಇರು ಅಕ್ಕಾ, ಜನ ಏನಂತಾರೆ," ಎಂದಿದ್ದ. ಆ ಒಂದೆರಡು ದಿನ ಮುಗಿಯಲೇ ಇಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಕೆಮ್ಮು ಗಂಟಲವರೆಗೆ ಬಂತು. ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಮೂಲೆಯಲ್ಲಿ ಅವನ ಹೆಂಡತಿ ಓದಬೇಡವೆಂಬಂತೆ ತಲೆಯಾಡಿಸಿದಳು. ಅವನು ಕೆಮ್ಮನ್ನು ನುಂಗಿಕೊಂಡ.

"ಬಾಗಿಲಿಗೆ ಬಂದ ಒಡಹುಟ್ಟಿದವಳನ್ನು," ಎಂದ. ದನಿ ಒಡೆಯಿತು. ಉಗುಳು ನುಂಗಿ ಮತ್ತೆ ಮೊದಲಿಂದ ಶುರುಮಾಡಿದ. "ಬಾಗಿಲಿಗೆ ಬಂದ ಒಡಹುಟ್ಟಿದವಳನ್ನು ಒಳಗೆ ಕರೆಯದವನಿಗೆ ಇಲ್ಲಿ ಜಾಗವಿಲ್ಲ."

ಅವನು ಕಣ್ಣೊರೆಸಿಕೊಂಡು ಮುಂದಿನ ಸಾಲಿಗೆ ಹೋದ. ಅದು ಅಕ್ಕನದು.

"ಗಂಡನ ಹೊಸ್ತಿಲು ದಾಟಿ..."

ಮುಂದೆ ಕೂತವರಲ್ಲಿ ಯಾರೋ ಜೋರಾಗಿ ಕೆಮ್ಮಿದರು. ದರ್ಜಿ ತಲೆ ಎತ್ತಿದ. ಯಜಮಾನರು! ಅವನು ಮತ್ತೆ ಬಾಯಿ ತೆರೆದ, ಅವರು ಮತ್ತೆ ಕೆಮ್ಮಿದರು. ಹಿಂದೆಯೇ ದಿನಸಿ ಅಂಗಡಿಯವನು ಕೆಮ್ಮಿದ, ಹೆಂಗಸರ ಕಡೆಯಿಂದಲೂ ಕೆಮ್ಮು ಕೇಳಿಸಿತು. ಮರುಕ ಹುಟ್ಟಿತೋ, ತಮ್ಮ ತಮ್ಮ ಸರದಿ ನೆನಪಾಯಿತೋ, ದೇವರೇ ಬಲ್ಲ. ದರ್ಜಿ ಪುಟ ತಿರುವಿದ.

ಅಕ್ಕನನ್ನು ಅಮ್ಮನ ಪಕ್ಕದಲ್ಲೇ ಮಲಗಿಸಿದರು. ಮಣ್ಣು ಹಾಕಿ ಎಲ್ಲರೂ ಚದುರಿದ ಮೇಲೆ ಯಜಮಾನರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಅಕ್ಕಂಗೆ ಕೊಟ್ಟ ಮಾತು ಉಳಿಸ್ಕೊಂಡೆ ಬಿಡಪ್ಪಾ."

"ಮಣ್ಣಲ್ಲಿ ಜಾಗ ಕೊಡ್ಸಿದೆ ಯಜಮಾನ್ರೇ," ಎಂದ ದರ್ಜಿ. "ಮನೇಲಿ ಕೊಡ್ಲಿಲ್ಲ."

ಯಜಮಾನರು ಮುಖ ಆಚೆ ತಿರುಗಿಸಿ ಕೆಮ್ಮಿದರು.

ಅವರ ಕೆಮ್ಮು ನಿಲ್ಲುವವರೆಗೂ ಕಾದು, ದರ್ಜಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ.