ಕಿಡಿಯ ಮೂಲ

ಗಂಡ ಲವೆಲ್‌ನ ಬೂಟಿಗೆ ಮೊಳೆ ಹೊಡೆಸಿಕೊಂಡು ಬಂದವಳು ತಾನು. ಇದನ್ನು ಪಕ್ಕದ ಮನೆಯ ಥೋರಾಗೆ ಹೇಳಲೇಬೇಕೆಂದು ವರ್ಲಾ ನಿಶ್ಚಯಿಸಿದ್ದು, ಅವನ ದೇಹದಲ್ಲಿ ಸಿಕ್ಕಷ್ಟನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ. ಗಣಿಯ ಒಂದೇ ಸ್ಫೋಟದಲ್ಲಿ ಇಬ್ಬರ ಗಂಡಂದಿರೂ ಹೋಗಿದ್ದರು. ಲವೆಲ್‌ನ ಬೂಟಿನಿಂದಲೇ ಥೋರಾಳ ಗಂಡ ರೂಲನ್ ಸತ್ತಿದ್ದರೆ, ಅವಳು ತಂದುಕೊಡುವ ಊಟವನ್ನು ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ?

ಯೂಟಾದ ಆ ಬೋಳು ಬಯಲಿನಲ್ಲಿ ಎಲ್ಲರ ಹೊಟ್ಟೆಪಾಡೂ ಗಿಲ್ಸೊನೈಟಿನಿಂದ. ನೆಲದ ಸೀಳುಗಳಲ್ಲಿ ತಾನಾಗಿ ಗಟ್ಟಿಯಾಗಿ ನಿಂತ ಡಾಂಬರು ಅದು. ಗಾಜಿನಂತೆ ಹೊಳೆಯುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಅಗೆದು ಚೀಲ ತುಂಬಿ ಕಳಿಸಿದರೆ ಎಲ್ಲೋ ದೂರದಲ್ಲಿ ಮೋಟಾರಿನ ಬಣ್ಣವಾಗುತ್ತಿತ್ತು, ಬ್ಯಾಟರಿಯ ಪೆಟ್ಟಿಗೆಯಾಗುತ್ತಿತ್ತು, ಪತ್ರಿಕೆಯ ಶಾಯಿಯಾಗುತ್ತಿತ್ತು. ಅದರ ದೂಳು ಗಾಳಿಯಲ್ಲಿ ತೇಲುವಾಗ ಒಂದು ಕಿಡಿ ಸಾಕು. ಅದಕ್ಕೇ ಗಣಿಯ ಬಾಯಲ್ಲಿ ಕಾವಲಿನವನು ಇಳಿಯುವ ಪ್ರತಿಯೊಬ್ಬನ ಜೇಬು ತಡವಿ, ಬೂಟಿನ ತಳ ನೋಡಿ ಬಿಡುತ್ತಿದ್ದ. ಬೆಂಕಿಕಡ್ಡಿ ಕೂಡದು, ಮೊಳೆ ಹೊಡೆದ ಬೂಟು ಕೂಡದು.

ವರ್ನಲ್ ಪೇಟೆಯಲ್ಲಿ ಬೂಟು ರಿಪೇರಿ ಮಾಡುವವನು ದನಗಾಹಿಗಳ ಬೂಟು ಕಂಡವನು, ಗಣಿಯವರದ್ದಲ್ಲ. ಮೊಳೆ ಬೇಡವೆಂದು ಹೇಳಬೇಕಾಗಿದ್ದ ವರ್ಲಾ ಮರೆತಳು. ಅವನು ಮೊಳೆ ಹೊಡೆದ. ಲವೆಲ್ ಇಕ್ಕಳ ಹಿಡಿದು ಕೂತು ಎಲ್ಲವನ್ನೂ ಕಿತ್ತ. ತೂತುಗಳಿಗೆ ಗಿಲ್ಸೊನೈಟನ್ನೇ ಕೊಬ್ಬಿನೊಂದಿಗೆ ಕರಗಿಸಿ ತುಂಬಿದ. ಒಂದು ಮಾತ್ರ ತಲೆ ಮುರಿದು ಒಳಗೇ ಉಳಿಯಿತು. "ಕಾಣೋದೇ ಇಲ್ಲ, ಬಿಡು," ಅಂದಿದ್ದ. ಅವಳೂ ಬಿಟ್ಟಿದ್ದಳು.

ನಿಶ್ಚಯಿಸಿದ ದಿನವೇ ಸಂಜೆ ಥೋರಾ ಬೇಯಿಸಿದ ಆಲೂಗಡ್ಡೆಯ ಪಾತ್ರೆ ಹಿಡಿದು ಬಂದು ಮೇಜಿನ ಮೇಲಿಟ್ಟಳು.

"ತಿನ್ನು. ನೀನು ಹೀಗೇ ಒಣಗಿದರೆ ಚರ್ಚಿನ ಹೆಂಗಸರು ನನ್ನ ಅಡುಗೇನ ಆಡ್ಕೋತಾರೆ."

"ಆಡ್ಕೊಳ್ಳೋಕೆ ನಿನ್ನ ಅಡುಗೆ ಯಾಕೆ ಬೇಕು ಥೋರಕ್ಕ? ನಮ್ಮನೆಯವರ ಹಾಡು ಸಾಲದಾಗಿತ್ತಾ?"

"ಅದೂ ನಿಜ. ಲವೆಲ್ ದನಿ ತೆಗೆದರೆ ಬಿಷಪ್ಪರಿಗೇ ಸಾಲು ಮರ್ತುಹೋಗ್ತಿತ್ತು. ನಮ್ಮವರು ಬೇಕಂತಲೇ ಪಕ್ಕದಲ್ಲಿ ನಿಲ್ತಿದ್ರು, ತಾವು ಬರೀ ಬಾಯಾಡಿಸಿದ್ರೂ ಗೊತ್ತಾಗಲ್ಲ ಅಂತ."

ಇಬ್ಬರೂ ನಕ್ಕರು. ನಗು ನಿಂತ ಕೂಡಲೇ ವರ್ಲಾ ಮೊಳೆಯ ಮಾತನ್ನು ಹೇಳಿಬಿಟ್ಟಳು, ಪೇಟೆಗೆ ಹೋದದ್ದರಿಂದ ಹಿಡಿದು.

ಥೋರಾ ಪಾತ್ರೆಯೊಳಗಿನ ಚಮಚ ಕೈಗೆತ್ತಿಕೊಂಡಳು. "ಯಾವ ಕಾಲಿಂದು?" ಎಂದು ಕೇಳಿದಳು.

"ಎಡಗಾಲು."

"ಹಿಮ್ಮಡೀನಾ?"

"ಹೂಂ."

ಥೋರಾ ಚಮಚ ಕೆಳಗಿಟ್ಟಳು. "ನಮ್ಮವರು ಸೇದ್ತಿದ್ರು ಕಣೇ."

ವರ್ಲಾಗೆ ನಂಬಲಾಗಲಿಲ್ಲ. ಅವರ ಚರ್ಚಿನಲ್ಲಿ ಕಾಫಿಗೇ ನಿಷೇಧ. ರೂಲನ್ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದವನು.

"ಗಣಿಯೊಳಗಲ್ಲ. ಕೆಲಸ ಬಿಟ್ಟು ಬರೋವಾಗ, ಹಳ್ಳದ ಹತ್ರ, ಒಬ್ಬರೇ. ಯಾರಿಗೂ ಕಾಣಬಾರದು ಅಂತ ಅಂಗಿ ಒಳಗಡೆ, ಕಂಕುಳ ಕೆಳಗೆ, ನಾನೇ ಒಂದು ಜೇಬು ಹೊಲಿದುಕೊಟ್ಟೆ. ಬಿಷಪ್ಪರಿಗೆ ಹೆದರಿ ಹೊಲಿದದ್ದು. ಕಾವಲಿನವನ ಕೈಗೂ ಸಿಗ್ತಿರಲಿಲ್ಲ ಅದು. ಇಳಿಯೋ ಮೊದಲು ಕಡ್ಡಿಪೆಟ್ಟಿಗೇನ ಹಳ್ಳದ ಬಂಡೆ ಕೆಳಗಿಟ್ಟು ಹೋಗ್ತೀನಿ ಅಂತಿದ್ರು. ಮೊನ್ನೆ ಹೋಗಿ ನೋಡಿದೆ. ಬಂಡೆ ಕೆಳಗೆ ಏನೂ ಇರಲಿಲ್ಲ."

ವರ್ಲಾಳ ಎದೆ ಸರಕ್ಕನೆ ಹಗುರಾಯಿತು. ಹಾಗಾದರೆ ಬೂಟಲ್ಲ. ಆ ನೆಮ್ಮದಿ ಮುಖಕ್ಕೆ ಬರದಂತೆ ತಡೆಯಲು ಅವಳಿಂದಾಗಲಿಲ್ಲ. ಥೋರಾ ಅದನ್ನು ನೋಡಿದಳು. ಹಿಮ್ಮಡಿಯ ಮಾತು ಕೇಳಿದಾಗ ಥೋರಾಳ ಮುಖವೂ ಹೀಗೆಯೇ ಸಡಿಲವಾಗಿತ್ತಲ್ಲ ಎಂದು ವರ್ಲಾಗೆ ಆಗ ಹೊಳೆಯಿತು.

"ನಾಳೆ ಗಣಿ ಇನ್ಸ್‌ಪೆಕ್ಟರ್ ಬರ್ತಾರಂತೆ," ಎಂದಳು ವರ್ಲಾ.

"ಕೇಳಿದ್ದಕ್ಕಷ್ಟೇ ಹೇಳೋಣ," ಎಂದಳು ಥೋರಾ.

ಇನ್ಸ್‌ಪೆಕ್ಟರ್ ಬೂಟಿನ ವಿಷಯ ಕೇಳಲಿಲ್ಲ, ಅಂಗಿಯ ವಿಷಯವನ್ನೂ ಕೇಳಲಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ದೂಳಿಗೆ ಕಿಡಿ ತಗುಲಿ ಸ್ಫೋಟ, ಕಿಡಿಯ ಮೂಲ ತಿಳಿದಿಲ್ಲ.

ಆಮೇಲೂ ಪಾತ್ರೆಗಳು ಅತ್ತಿಂದಿತ್ತ ಓಡಾಡಿದವು. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತರು. ಆದರೆ ಪ್ರಾರ್ಥನೆಗೆ ತಲೆ ಬಗ್ಗಿಸಿದಾಗಲೆಲ್ಲ ವರ್ಲಾ ಬೇಡುತ್ತಿದ್ದದ್ದು ಒಂದೇ: ಅದು ಕಡ್ಡಿಯೇ ಆಗಿರಲಿ. ಪಕ್ಕದವಳು ಏನು ಬೇಡುತ್ತಿದ್ದಾಳೆಂಬುದೂ ಅವಳಿಗೆ ಗೊತ್ತಿತ್ತು.

ಚಳಿಗಾಲ ಮುಗಿದ ಮೇಲೆ ಥೋರಾ ಪ್ರೈಸ್ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಪಿಂಗಾಣಿ ತಟ್ಟೆಗಳನ್ನು ಹಳೆ ಬಟ್ಟೆಯಲ್ಲಿ ಸುತ್ತಿಕೊಟ್ಟವಳು ವರ್ಲಾ. ಇರು ಎಂದು ಇವಳು ಹೇಳಲಿಲ್ಲ, ಬಾ ಎಂದು ಅವಳು ಕರೆಯಲಿಲ್ಲ. ಟ್ರಕ್ಕು ಕಣ್ಮರೆಯಾಗುತ್ತಿದ್ದಂತೆ ವರ್ಲಾಗೆ ಅಳು ಬಂತು, ಅಳುವಿನ ಒಳಗೇ ಎಷ್ಟೋ ಹಗುರವೂ ಆಯಿತು. ಆ ಹಗುರಕ್ಕೆ ಅವಳಿಗೆ ನಾಚಿಕೆಯಾಯಿತು. ಇಂಥದ್ದನ್ನು ಹೇಳಿಕೊಳ್ಳಲು ಇದ್ದವಳು ಒಬ್ಬಳೇ. ಅವಳು ಟ್ರಕ್ಕಿನಲ್ಲಿ ಹೋಗಿದ್ದಳು.