ಮಾ-೩, ಮಾ-೭ ಮತ್ತು ಇತರ ಚಿಕ್ಕಮ್ಮಂದಿರು

೧

ಈ ಕಥೆಯನ್ನು ಲಿಫ್ಟಿನಿಂದ ಶುರು ಮಾಡಲೋ, ಚಿಕ್ಕಮ್ಮನಿಂದ ಶುರು ಮಾಡಲೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಲಿಫ್ಟಿನಿಂದ ಶುರು ಮಾಡಿದರೆ ವಿಮರ್ಶಕರು ಮೆಚ್ಚುತ್ತಾರೆ. ಚಿಕ್ಕಮ್ಮನಿಂದ ಶುರು ಮಾಡಿದರೆ ನೀವು ಓದುತ್ತೀರಿ. (ವಿಮರ್ಶಕರೂ ಓದುತ್ತಾರೆ ಎಂದು ನಾನು ಹೇಳಲಿಲ್ಲ, ಗಮನಿಸಿ.)

ಮೊದಲ ಪ್ರಯತ್ನ: 'ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದ ಮೌನ ಹೊರಗೆ ಬಂದು ನಿಂತಿತು.'

ಹೊಡೆದುಹಾಕಿದೆ. ಮೌನ ಎಲ್ಲೂ ಬಂದು ನಿಲ್ಲುವುದಿಲ್ಲ. ಲಿಫ್ಟಿನಿಂದ ಹೊರಗೆ ಬರುವುದು ಕಸದ ಚೀಲ ಹಿಡಿದ ಮನುಷ್ಯ. ಅವನು ನಿಮ್ಮ ಮುಖ ನೋಡಬೇಕಾಗುತ್ತದಲ್ಲ ಎಂದು ಮಹಡಿಯ ಅಂಕಿಯನ್ನೇ ನೋಡುತ್ತಿರುತ್ತಾನೆ.

ಎರಡನೆಯ ಪ್ರಯತ್ನ. ಸುತ್ತಿಬಳಸದೆ ಹೇಳಿಬಿಡುತ್ತೇನೆ. ಒಬ್ಬ ಹುಡುಗಿ ಇದ್ದಾಳೆ, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, 'ಬಹುಮಹಡಿ ಕಟ್ಟಡದಲ್ಲಿ ಮಹಿಳೆಯರ ನೆರೆಹೊರೆ ಸಂಬಂಧಗಳು: ಒಂದು ಗುಣಾತ್ಮಕ ಅಧ್ಯಯನ'. ಗುಣಾತ್ಮಕ ಎಂದರೆ ಲೆಕ್ಕ ಕಡಿಮೆ, ಮಾತು ಜಾಸ್ತಿ. ಅವಳು ಅಧ್ಯಯನಕ್ಕೆ ಆರಿಸಿಕೊಂಡ ಕಟ್ಟಡದಲ್ಲೇ ಅವಳ ಚಿಕ್ಕಮ್ಮನ ಮನೆ. ಅಲ್ಲೇ ಉಳಿದುಕೊಂಡಿದ್ದಾಳೆ. ಉಳಿದವರು ಫೀಲ್ಡ್‌ವರ್ಕಿಗೆ ಚಪ್ಪಲಿ ಸವೆಸುತ್ತಾರೆ, ಇವಳು ಚಪ್ಪಲಿ ಹಾಕಿಕೊಳ್ಳುವ ಅಗತ್ಯವೂ ಇಲ್ಲ. ಥೀಸಿಸ್ ಮುಗಿದರೆ ದೂರದ ಊರಿನ ಕಾಲೇಜೊಂದರಲ್ಲಿ ಕೆಲಸ ಕಾದಿದೆ.

ಚಿಕ್ಕಮ್ಮ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ದವಡೆ ಊದಿಸಿಕೊಂಡು ಬರುವವರು, ತುಟಿ ಮರಗಟ್ಟಿಸಿಕೊಂಡು ಹೋಗುವವರು, ಇವರ ನಡುವೆ ಆಕೆಯ ದಿನ ಕಳೆಯುತ್ತದೆ. ಆಡಬೇಕಾದ ಮಾತೆಲ್ಲ ಹಾಗೇ ಉಳಿದು ಸಂಜೆ ಮನೆಗೆ ಬರುತ್ತದೆ.

೨

ಸಂಶೋಧನಾ ಸಮಿತಿ ಕೇಳಿದ್ದು ಹನ್ನೆರಡು ಮಹಿಳೆಯರ ಸಂದರ್ಶನ. ಹುಡುಗಿ ಒಂದೊಂದೇ ಬಾಗಿಲು ಬಡಿದಳು. ಎದುರು ಮನೆಯ ನಿವೃತ್ತ ಕ್ಯಾಶಿಯರಮ್ಮ ಬಾಗಿಲ ಸರಪಳಿ ತೆಗೆಯದೆ, "ನಾವು ಯಾರ ತಂಟೆಗೂ ಹೋಗೋರಲ್ಲಮ್ಮ" ಎಂದು ಹೇಳಿ ಮುಚ್ಚಿಕೊಂಡರು. (ಇದು ಒಳ್ಳೆಯ ಡೇಟಾ. ಆದರೆ ಸಹಿ ಇಲ್ಲದ ಡೇಟಾ ಡೇಟಾ ಅಲ್ಲ ಎನ್ನುತ್ತದೆ ಸಮಿತಿ.) ಕ್ಯಾಶಿಯರಮ್ಮನ ಮೇಲಿನ ಮನೆಯ ಈಜು ಟೀಚರ್ ತಲೆಗೆ ಟವೆಲ್ ಸುತ್ತಿಕೊಂಡು ಬಂದು "ನಾಳೆ" ಅಂದಳು. ನಾಳೆ ಹೋದರೆ ಟವೆಲ್ ಬೇರೆ ಬಣ್ಣದ್ದಾಗಿತ್ತು, ಉತ್ತರ ಅದೇ.

ಹುಡುಗಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ ಚಿಕ್ಕಮ್ಮ ಕೇಳಿದಳು.

"ಅವರಿವರ ಕಾಲು ಯಾಕೆ ಹಿಡೀತೀಯ? ನನ್ನನ್ನ ಕೇಳು. ಹನ್ನೆರಡು ಜನ ತಾನೇ ಬೇಕು?"

"ಚಿಕ್ಕಮ್ಮ, ನೀನು ಒಬ್ಬಳು."

"ಇವತ್ತಿಗೆ ಒಬ್ಬಳು. ನಾಳೆ ಹೊತ್ತಿಗೆ ನನ್ನ ಅಭಿಪ್ರಾಯ ಬೇರೆ ಆಗಿರತ್ತೆ."

ಶುರುವಾದದ್ದು ತಮಾಷೆಗೆ, ಪ್ರಶ್ನೆಗಳು ಸರಿಯಾಗಿವೆಯೋ ಇಲ್ಲವೋ ನೋಡಲಿಕ್ಕೆ. ಆದರೆ ಚಿಕ್ಕಮ್ಮನಿಗೆ ಅದು ಹಿಡಿಸಿಬಿಟ್ಟಿತು. ಕೆಲಸದಿಂದ ಬಂದು ಮುಖ ತೊಳೆದುಕೊಂಡು, "ಇವತ್ತು ನಾನು ಯಾರು?" ಎಂದು ಕೇಳುವಳು. ಒಂದೊಂದು ಸಂಜೆ ಒಬ್ಬೊಬ್ಬಳಾಗಿ ಹನ್ನೆರಡು ಜನರಾದಳು, ಹನ್ನೆರಡು ಬಗೆಯ ಸಹಿಯನ್ನೂ ತಾನೇ ಹಾಕಿದಳು, ಹುಡುಗಿ ಎಲ್ಲವನ್ನೂ ಥೀಸಿಸ್ಸಿಗೆ ಸೇರಿಸಿದಳು. ಸಂಶೋಧನೆಯ ನೀತಿಸಂಹಿತೆ ಬೇರೆ ಸಹಾಯಕ್ಕೆ ಬಂತು. ಮಾಹಿತಿ ಕೊಟ್ಟವರ ಹೆಸರು ಬರೆಯುವ ಹಾಗಿಲ್ಲ, ಸಂಕೇತ ಮಾತ್ರ ಇರಬೇಕು ಎಂದು ಅದು ಹೇಳುತ್ತದೆ. ಮಾಹಿತಿದಾರೆ ಒಂದು ಎಂದರೆ ಮಾ-೧. ಮಾ-೩ ಶಿಸ್ತಿನ ಹೆಂಗಸು, ಕಾರಿಡಾರಿನಲ್ಲಿ ಯಾರ ವಸ್ತುವೂ ಇರಬಾರದು ಎನ್ನುವವಳು. ಮಾ-೭ ಗಂಡನನ್ನು ಬಿಟ್ಟು ಬಂದವಳು, ಕಾರಿಡಾರು ಎಲ್ಲರದೂ ಎಂದು ಸೈಕಲ್ಲು, ಚಪ್ಪಲಿ ಸ್ಟ್ಯಾಂಡು ಎರಡನ್ನೂ ಹೊರಗಿಟ್ಟವಳು.

ಮಾ-೩: "ಅವಳ ಚಪ್ಪಲಿ ಸ್ಟ್ಯಾಂಡ್ ನೋಡಿದ್ರೇನೇ ಸಂಸಾರ ಹೇಗೆ ನಡೆಸಿದಾಳೆ ಅಂತ ಗೊತ್ತಾಗತ್ತೆ."

ಮಾ-೭: "ಅವರಿಗೆ ನನ್ನ ಚಪ್ಪಲಿ ಎಣಿಸೋಕೆ ಪುರುಸೊತ್ತಿದೆ. ನನ್ನನ್ನ ಒಳಗೆ ಕರೆಯೋಕಿಲ್ಲ."

ಈ ಎರಡು ಮಾತುಗಳನ್ನು ಒಂದೇ ಬಾಯಿ, ಒಂದೇ ಸೋಫಾದ ಮೇಲೆ ಕೂತು, ಎರಡು ಬೇರೆ ಸಂಜೆ ಆಡಿತು.

೩

ಇಲ್ಲಿ ಹುಡುಗಿ ನನ್ನನ್ನು ತಡೆದಳು.

"ಸಾರ್, ನನ್ನನ್ನ ಕಳ್ಳಿ ಮಾಡ್ತಿದ್ದೀರಾ?"

"ನೀನು ಮಾಡಿದ್ದನ್ನ ಬರೆದೆ, ಅಷ್ಟೇ."

"ನೀವು ಮಾಡೋದೇನು ಮತ್ತೆ? ಇಲ್ಲದ ಜನರನ್ನ ಹುಟ್ಟಿಸ್ತೀರಿ, ಜಗಳ ಹಚ್ತೀರಿ. ನಿಮಗೆ ಅದಕ್ಕೆ ಪ್ರಶಸ್ತಿ. ನನಗಾದ್ರೆ ಡಿಬಾರ್."

ನಾನು ಸುಳ್ಳನ್ನು ಸುಳ್ಳು ಎಂದು ಹೇಳಿಯೇ ಮಾರುತ್ತೇನೆ ಅನ್ನಬಹುದಿತ್ತು, ಆದರೆ ನನ್ನ ಪುಸ್ತಕಗಳು ಮಾರಾಟವಾಗುವುದಿಲ್ಲ. (ನನ್ನ ಕಥೆಗಳ ಮೇಲೂ ಒಬ್ಬರು ಪಿಎಚ್‌ಡಿ ಮಾಡಿದ್ದಾರೆ. ಅದರ ಮುನ್ನುಡಿಯಲ್ಲಿ ನನ್ನನ್ನು 'ದಿವಂಗತ' ಎಂದು ಬರೆದಿದ್ದಾರೆ. ಡೇಟಾದ ವಿಷಯದಲ್ಲಿ ನನಗೆ ಅಂಥ ಭಕ್ತಿಯೇನಿಲ್ಲ.)

ಚಿಕ್ಕಮ್ಮನೂ ಸುಮ್ಮನಿರಲಿಲ್ಲ. ನಾನು ಆಕೆಯನ್ನು ಒಂದು ಕರಡಿನಲ್ಲಿ ವಿಧವೆ ಮಾಡಿದ್ದೆ, ಇನ್ನೊಂದರಲ್ಲಿ ಅವಿವಾಹಿತೆ.

"ಏನ್ರೀ, ನನ್ನ ಗಂಡ ಇದ್ದಾನೋ ಸತ್ತನೋ ಹುಟ್ಟಲೇ ಇಲ್ವೋ, ನಿಮಗ್ಯಾಕೆ ಅದು? ಓದೋರು ಅಯ್ಯೋ ಪಾಪ ಅನ್ನಲಿ ಅಂತಾನಾ?"

ಹೌದು, ಅದಕ್ಕೇ. ಎರಡೂ ಕರಡು ಹರಿದುಹಾಕಿದೆ. ಈಗ ಆಕೆಯ ಮನೆಯಲ್ಲಿ ಆಕೆ ಇದ್ದಾಳೆ, ಹುಡುಗಿ ಇದ್ದಾಳೆ, ಇಷ್ಟೇ ನನಗೆ ಗೊತ್ತು.

೪

ಹುಡುಗಿಯ ಸಂಶೋಧನೆಯ ಗೈಡ್ ಮೇಡಂ ಬರಬೇಕು ಈಗ. ಆಕೆಯ ಕೋಣೆ ವಿಭಾಗದ ಕೊನೆಯಲ್ಲಿದೆ. ಕಿಟಕಿ ತಾನಾಗಿ ನಿಲ್ಲುವುದಿಲ್ಲ, ಹಳೆಯ ಥೀಸಿಸ್ ಒಂದನ್ನು ಒತ್ತುಕೊಟ್ಟು ತೆರೆದಿಟ್ಟಿದ್ದಾರೆ. (ಯಾರದೆಂದು ಕೇಳಬೇಡಿ. ನೀತಿಸಂಹಿತೆ.) ನಗರದ ಜನ ಒಬ್ಬರನ್ನೊಬ್ಬರು ಸಭ್ಯವಾಗಿ ಉದಾಸೀನ ಮಾಡುತ್ತಾರೆ ಎಂಬುದು ಮೇಡಂ ಅವರ ಸಿದ್ಧಾಂತ. ಅದನ್ನು ಅವರು ಎಷ್ಟೋ ವರ್ಷಗಳಿಂದ ಸಾಕಿಕೊಂಡು ಬಂದಿದ್ದಾರೆ, ಲಿಫ್ಟಿನಲ್ಲಿ ಸಿಕ್ಕ ಸಹೋದ್ಯೋಗಿಗಳ ಜೊತೆ ಮಾತಾಡದೆ ದಿನವೂ ಸಾಬೀತು ಮಾಡುತ್ತಾರೆ.

ಮಾ-೩ ಮತ್ತು ಮಾ-೭ರ ಮಾತು ಓದಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮಾ-೭ ಆಡಿದ ಚಪ್ಪಲಿಯ ಮಾತನ್ನು ಹೊರದೇಶದ ಸೆಮಿನಾರಿಗೆ ತೆಗೆದುಕೊಂಡು ಹೋದರು. ಅಲ್ಲಿ ಅದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು, ಸೇರಿದ್ದ ವಿದ್ವಾಂಸರೆಲ್ಲ ಬರೆದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಹಿಂದಿರುಗಿದ ಮೇಡಂ ಹುಡುಗಿಯನ್ನು ಕರೆಸಿದರು.

"ಆ ಇಬ್ಬರನ್ನೂ ಎದುರುಬದುರು ಕೂರಿಸೋಣಮ್ಮ. ಒಂದು ಫೋಕಸ್ ಗ್ರೂಪ್. ನಾನೇ ಬರ್ತೀನಿ."

"ಮೇಡಂ, ಅವರಿಬ್ಬರು ಮಾತಾಡಲ್ಲ."

"ಅದಕ್ಕೇ ಅಲ್ವಾ ಕೂರಿಸ್ಬೇಕಾಗಿರೋದು?"

ಹುಡುಗಿ ಸೀದಾ ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದಳು. ಸಿಕ್ಕಿಬಿದ್ದರೆ ಪದವಿಯೂ ಇಲ್ಲ, ಕಾದಿರುವ ಕೆಲಸವೂ ಇಲ್ಲ.

೫

ನನ್ನ ಹೊರರೇಖೆಯ ಪ್ರಕಾರ ಚಿಕ್ಕಮ್ಮ ಇಲ್ಲಿ ಅಳಬೇಕಿತ್ತು, 'ಎಲ್ಲ ನನ್ನಿಂದ ಆಯ್ತು ಕಣೇ' ಎಂದು. ಆಕೆ ಒಪ್ಪಲಿಲ್ಲ. ತಲೆ ಬಾಚಿಕೊಂಡು ಎದ್ದು ಹೋಗಿ ಎದುರು ಮನೆಯ ಬಾಗಿಲು ಬಡಿದಳು.

"ಕ್ಯಾಶಿಯರಮ್ಮ, ನಮ್ಮ ಹುಡುಗಿ ಪೇಚಿಗೆ ಸಿಕ್ಕಿದಾಳೆ. ನೀವೊಂದು ಸುಳ್ಳು ಹೇಳ್ಬೇಕು."

ಸರಪಳಿ ಕಳಚಿಕೊಂಡಿತು.

"ಯಾರಿಗೆ?"

"ಯೂನಿವರ್ಸಿಟಿಯೋರಿಗೆ."

"ಒಳಗೆ ಬನ್ನಿ."

ಇದನ್ನು ನಾನು ಯೋಚಿಸಿರಲೇ ಇಲ್ಲ, ನಿಮ್ಮಾಣೆ. ಸಮಾಜಶಾಸ್ತ್ರದ ಹಿತಕ್ಕಾಗಿ ಎರಡು ನಿಮಿಷ ಕೊಡದ ಹೆಂಗಸು, ಸುಳ್ಳಿಗೆ ಇಡೀ ಸಂಜೆ ಕೊಟ್ಟರು. ಈಜು ಟೀಚರಂತೂ ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು. "ನಾನು ಮಾ-೭ ಆಗ್ತೀನಿ" ಎಂದು ತಾನೇ ಆರಿಸಿಕೊಂಡಳು, ಮಾ-೩ ಕ್ಯಾಶಿಯರಮ್ಮನ ಪಾಲಿಗೆ ಬಂತು. ಚಿಕ್ಕಮ್ಮ ಇಬ್ಬರಿಗೂ ಪಾಠ ಹೇಳಿಕೊಟ್ಟಳು. ಟ್ರಾನ್ಸ್‌ಕ್ರಿಪ್ಟ್ ಕೈಗೆ ಕೊಟ್ಟು, "ಇಲ್ಲಿ ಸ್ವಲ್ಪ ಕೊಂಕು ಇರ್ಲಿ" ಎಂದು ತಿದ್ದಿದಳು. ಜನ ಪರೋಪಕಾರಿಗಳು ಎಂದು ನಾನು ಹೇಳುತ್ತಿಲ್ಲ. ಅಧ್ಯಯನದ ವಸ್ತುವಾಗಲು ಯಾರಿಗೂ ಇಷ್ಟವಿಲ್ಲ, ಕಿತಾಪತಿಯಲ್ಲಿ ಪಾಲುದಾರರಾಗಲು ಎಲ್ಲರಿಗೂ ಇಷ್ಟ.

೬

ಶನಿವಾರ ಮಧ್ಯಾಹ್ನ, ಚಿಕ್ಕಮ್ಮನ ಹಾಲ್. ಮೇಡಂ ಒಂಟಿ ಕುರ್ಚಿಯಲ್ಲಿ, ಮಾ-೩ ಮತ್ತು ಮಾ-೭ ಸೋಫಾದ ಎರಡು ತುದಿಗಳಲ್ಲಿ. ಹುಡುಗಿ ಫೋನಿನ ರೆಕಾರ್ಡರ್ ಒತ್ತಿದಳು. ಮೂಲ ಮಾ-೩ ಮತ್ತು ಮಾ-೭ ಇಬ್ಬರೂ ಟ್ರೇ ಹಿಡಿದು ಎಲ್ಲರಿಗೂ ನೀರು ಕೊಟ್ಟರು.

ಕ್ಯಾಶಿಯರಮ್ಮ ಚೆನ್ನಾಗಿಯೇ ಶುರು ಮಾಡಿದರು. "ಇವಳ ಚಪ್ಪಲಿ ಸ್ಟ್ಯಾಂಡ್ ನೋಡಿದ್ರೇನೇ..." ಅಂದವರು ನಿಂತುಬಿಟ್ಟರು.

"ಇಲ್ಲಪ್ಪ. ನಾನು ಹಾಗೆ ಹೇಳೋಳಲ್ಲ."

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟು ಹೆದರಿಸಿದಳು. ಕ್ಯಾಶಿಯರಮ್ಮ ಆ ಕಡೆ ನೋಡಲೇ ಇಲ್ಲ.

"ಹೊರಗೆ ಚಪ್ಪಲಿ ಇದ್ರೆ ನನಗೆ ಧೈರ್ಯ. ಒಳಗೆ ಯಾರೋ ಇದ್ದಾರೆ ಅಂತ. ಇವಳು ಮೇಲೆ ಓಡಾಡೋದೂ ಕೇಳಿಸತ್ತೆ ನನಗೆ. ಬೆಳಿಗ್ಗೆ ಕೇಳಿಸ್ಲಿಲ್ಲ ಅಂದ್ರೆ ಹುಷಾರಿಲ್ವೇನೋ ಅಂದ್ಕೊಳ್ತೀನಿ."

ಈಜು ಟೀಚರ್ ತನ್ನ ಪಾಠ ಮರೆತು ಅವರನ್ನೇ ನೋಡಿದಳು.

"ಹೋದ ತಿಂಗಳು ನನಗೆ ಜ್ವರ ಬಂದಿತ್ತು. ಮಲಗೇ ಇದ್ದೆ."

"ಗೊತ್ತು. ಮೇಲೆ ಬಂದಿದ್ದೆ. ಬೆಲ್ ಒತ್ತೋಕೆ ಒಂಥರಾ ಆಯ್ತು. ಏನಂತ ಹೇಳೋದು? ವಾಪಸ್ ಬಂದೆ."

"ಒತ್ತಬೇಕಿತ್ತು ನೀವು" ಅಂದಳು ಈಜು ಟೀಚರ್. ಅವಳ ದನಿಯಲ್ಲಿ ನಟನೆ ಇರಲಿಲ್ಲ. ಇನ್ನೂ ಬಹಳ ಹೊತ್ತು ಮಾತಾಡಿದರು, ಟ್ರಾನ್ಸ್‌ಕ್ರಿಪ್ಟಿನ ಒಂದು ಸಾಲೂ ಅದರಲ್ಲಿರಲಿಲ್ಲ. ಹುಡುಗಿ ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತ ಕೂತಳು. ಇಷ್ಟು ದಿನ ಅವಳು ಹುಡುಕುತ್ತಿದ್ದದ್ದು ಕೊನೆಗೂ ಎದುರಿಗೆ ಕೂತು ಮಾತಾಡುತ್ತಿತ್ತು, ಇಲ್ಲದ ಇಬ್ಬರು ಹೆಂಗಸರ ಸಂಕೇತ ಹಚ್ಚಿಕೊಂಡು. ಥೀಸಿಸ್ಸಿನಲ್ಲಿ ಅದನ್ನು ಬಳಸುವ ಹಾಗಿಲ್ಲ.

ಮೇಡಂ ಹೊರಡುವಾಗ ಲಿಫ್ಟಿನ ಮುಂದೆ ನಿಂತು ಸಣ್ಣ ದನಿಯಲ್ಲಿ ಹೇಳಿದರು.

"ಚೆನ್ನಾಗಿ ಮಾತಾಡಿದ್ರು. ಆದ್ರೆ ಟ್ರಾನ್ಸ್‌ಕ್ರಿಪ್ಟಲ್ಲಿರೋ ಮಾ-೭ ಇವರಿಗಿಂತ ಸಹಜವಾಗಿದ್ರು."

೭

ಈಗ ಅಂತ್ಯಗಳು. ಮೂರಿವೆ, ಬೇಕಾದ್ದು ತೆಗೆದುಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳಬೇಕೆಂದಿದ್ದೆ.

(ಅ) ಹುಡುಗಿ ಎಲ್ಲವನ್ನೂ ಹೇಳಿಬಿಡುತ್ತಾಳೆ. ಮೇಡಂ ಅವಳ ಪ್ರಾಮಾಣಿಕತೆಗೆ ಕರಗಿ ತಬ್ಬಿಕೊಳ್ಳುತ್ತಾರೆ.

ಹುಡುಗಿ ಓದಿ ನಕ್ಕಳು. "ಸಾರ್, ನೀವು ಯಾವತ್ತಾದ್ರೂ ಗೈಡ್ ಜೊತೆ ಕೆಲಸ ಮಾಡಿದ್ದೀರಾ?"

(ಆ) ಹುಡುಗಿ ಬಾಯಿ ಮುಚ್ಚಿಕೊಂಡು ಡಾಕ್ಟರೇಟ್ ಪಡೆದು ಗೌನು ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾಳೆ.

"ಇದು ಆಗಬಹುದು" ಅಂದಳು. ಆಮೇಲೆ, "ಬೇಡ" ಅಂದಳು.

(ಇ) ಅನ್ನು ನಾನು ಬರೆಯುವಷ್ಟರಲ್ಲಿ ಅವಳೇ ಮೇಡಂ ಕೋಣೆಗೆ ಹೋಗಿ ನಿಜ ಹೇಳಿ ಬಂದಿದ್ದಳು. ಮೇಡಂ ಎದ್ದು ಕಿಟಕಿಗೆ ಒತ್ತುಕೊಟ್ಟಿದ್ದ ಥೀಸಿಸ್ ಸರಿಪಡಿಸಿದರಂತೆ. ಅವರ ಪಾಡು ಉಗುಳುವಂತಿಲ್ಲ, ನುಂಗುವಂತಿಲ್ಲ. ಮಾ-೭ ಅಷ್ಟು ಹೊತ್ತಿಗೆ ಅವರ ಲೇಖನದ ಶೀರ್ಷಿಕೆಯಾಗಿ ಅಚ್ಚಿಗೆ ಹೋಗಿದ್ದಳು.

"ಇದನ್ನ ನೀನು ನನಗೆ ಹೇಳಿಲ್ಲ" ಅಂದರಂತೆ ಕೊನೆಗೆ. "ಸೋಮವಾರ ಥೀಸಿಸ್ ಪ್ರತಿ ತಂದ್ರೆ ಸಹಿ ಹಾಕ್ತೀನಿ."

"ಮತ್ತೆ ಮೊದಲಿಂದ ಮಾಡ್ತೀನಿ ಅಂದ್ರೆ, ಮೇಡಂ?"

"ಆಗ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ."

ಸೋಮವಾರ ಹುಡುಗಿ ಪ್ರತಿ ಕೊಡಲಿಲ್ಲ. ಇದು ಧೈರ್ಯವೋ, ಹುಂಬತನವೋ, ನನಗೆ ತಿಳಿಯದು. ಅವಳ ಮೇಲೆ ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಕಾಲೇಜಿನವರು ಎಷ್ಟು ದಿನ ಕಾಯುತ್ತಾರೋ ಅವಳಿಗೆ ಗೊತ್ತಿಲ್ಲ. ಮತ್ತೆ ಹೊಸದಾಗಿ ಬಾಗಿಲು ಬಡಿಯುತ್ತ ಹೊರಟಳು. ಈಜು ಟೀಚರ್ ಅವಳನ್ನು ಒಳಗೆ ಕರೆದು ಕೂರಿಸಿ, "ಈ ಸಲ ಯಾರ ಪಾತ್ರ?" ಎಂದು ಕೇಳಿದಳು.

"ನಿಮ್ಮದೇ."

"ಅದು ಕಷ್ಟ ಕಣೇ. ಸ್ವಲ್ಪ ಟೈಮ್ ಕೊಡು."

೮

ಕೊನೆಗೆ ಚಿಕ್ಕಮ್ಮನ ಸರದಿ. ಆಕೆ ಎಂದಿನಂತೆ ಮುಖ ತೊಳೆದುಕೊಂಡು ಬಂದು ಸೋಫಾದ ಮೇಲೆ ಕೂತಳು.

"ಇವತ್ತು ನಾನು ಯಾರು?"

"ನೀನೇ."

"ನಾನೇ ಅಂದ್ರೆ?"

"ನೀನೇ ಅಂದ್ರೆ ನೀನೇ, ಚಿಕ್ಕಮ್ಮ. ಹನ್ನೆರಡು ಜನರಲ್ಲಿ ನೀನೇ ಇರಲಿಲ್ಲ."

ಚಿಕ್ಕಮ್ಮ ನಗಲು ಹೋಗಿ ತಡೆದುಕೊಂಡಳು. ಸೀರೆಯ ಅಂಚು ಸರಿಮಾಡಿಕೊಂಡಳು. ಹುಡುಗಿ ರೆಕಾರ್ಡರ್ ಒತ್ತಿ ಮೊದಲ ಪ್ರಶ್ನೆ ಕೇಳಿದಳು. ಈ ಕಟ್ಟಡದಲ್ಲಿ ನಿಮಗೆ ತುಂಬ ಹತ್ತಿರದವರು ಯಾರು? ಹಿಂದೆ ಈ ಪ್ರಶ್ನೆಗೆ ಹನ್ನೆರಡು ಸಲವೂ ಆಕೆ ತಡವರಿಸದೆ ಉತ್ತರ ಹೇಳಿದ್ದಳು. ಮಾ-೫ಕ್ಕೆ ಮಾ-೨ ಆಪ್ತಳು, ಮಾ-೨ಕ್ಕೆ ಮಾ-೧೧.

ಈಗ ಪ್ರಶ್ನೆಯನ್ನು ಇನ್ನೊಮ್ಮೆ ಓದಿಸಿದಳು. ಕೆಳಗೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು.

"ನೀನು" ಅಂದಳು.

ಹುಡುಗಿ ಪ್ರಶ್ನಾವಳಿಯನ್ನು ನೋಡುತ್ತಲೇ ಇದ್ದಳು. ತಲೆ ಎತ್ತಿದರೆ ಮುಂದೆ ಕೇಳಲು ಆಗುತ್ತಿರಲಿಲ್ಲ.

"ಅದನ್ನ ಬರೆಯೋ ಹಾಗಿಲ್ಲ ಚಿಕ್ಕಮ್ಮ. ಸಂಶೋಧನೆ ಮಾಡೋರನ್ನ ಲೆಕ್ಕಕ್ಕೆ ತಗೊಳ್ಳಲ್ಲ. ನಾನು ಇಲ್ಲಿಯೋಳಲ್ಲ. ಮುಗಿದ ಮೇಲೆ ಹೋಗೋಳು."

"ಗೊತ್ತು. ಹಾಗಾದ್ರೆ ಖಾಲಿ ಬಿಡು."

ಹುಡುಗಿ ಖಾಲಿ ಬಿಟ್ಟಳೋ, ಬರೆದಳೋ, ಮೇಡಂ ಮುಂದೆ ಎಂದಾದರೂ ಸಹಿ ಹಾಕಿದರೋ ಎಂದು ನೀವು ಕೇಳುತ್ತೀರಿ. ನನ್ನ ಬಳಿ ಇದಕ್ಕೆಲ್ಲ ಉತ್ತರಗಳು ತಯಾರಿದ್ದವು, ಒಂದಂತೂ ಬಹಳ ಚೆನ್ನಾಗಿತ್ತು. ಹೇಳೋಣವೆಂದು ಬಾಯಿ ತೆರೆದೆ. ಚಿಕ್ಕಮ್ಮ ಹುಡುಗಿಯ ಮೇಲಿನ ಕಣ್ಣು ತೆಗೆಯದೆ, "ನಿಮ್ಮನ್ನ ಯಾರು ಕೇಳಿದ್ರು?" ಅಂದಳು.