ಇಸ್ತ್ರಿ ಅಂಗಡಿಯ ತಲೆನೋವು

ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಕೆಲವು ದಿನಗಳಿಂದ ಒಂದೇ ರಗಳೆ. ಹೆಂಡತಿ ತಲೆಗೆ ವಸ್ತ್ರ ಬಿಗಿದುಕೊಂಡು ಬಟ್ಟೆ ಮಡಚುತ್ತಾಳೆ. ಗಂಡ ಹಣೆ ಒತ್ತಿಕೊಳ್ಳುತ್ತಲೇ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆಯುತ್ತಾನೆ.

"ರೀ, ತಲೆ ಸಿಡಿದು ಹೋಗ್ತಿದೆ. ಡಾಕ್ಟರ್ ಹತ್ರ ಹೋಗೋಣ."

"ತಲೆನೋವಿಗೆಲ್ಲ ಡಾಕ್ಟರಾ? ನನಗೂ ನೋಯ್ತಿದೆ, ನಿನ್ನ ಮಾತು ಕೇಳಿ ಕೇಳಿ! ಒಂದು ಮಾತ್ರೆ ನುಂಗು, ಸರಿಹೋಗುತ್ತೆ."

ದೊಡ್ಡ ಪಂಡಿತ! ಮಾತ್ರೆ ನುಂಗಿದ್ದಾಯಿತು. ಜಪ್ಪಯ್ಯ ಅಂದರೂ ನೋವು ಬಿಡಲಿಲ್ಲ.

ಹೊರಗೆ ರಸ್ತೆ ಅಗೆದು ಹಾಕಿದ್ದರು. ಬಿಳಿ ಬಟ್ಟೆಯ ಮೇಲೆ ಧೂಳು ಕೂತರೆ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಅದಕ್ಕೇ ಗಂಡ ಬಾಗಿಲು, ಕಿಟಕಿ ಎಲ್ಲ ಭದ್ರವಾಗಿ ಹಾಕಿಬಿಟ್ಟಿದ್ದ. ಒಳಗೆ, ಮೂಲೆಯ ತೊಟ್ಟಿಲಲ್ಲಿ ಅವರ ಹಸುಗೂಸು ಮಲಗಿತ್ತು.

ಸಮವಸ್ತ್ರ ಒಯ್ಯಲು ಪಕ್ಕದ ಮನೆಯ ನರ್ಸಮ್ಮ ಬಾಗಿಲು ತಟ್ಟಿ ಒಳಗೆ ಬಂದರು.

"ಏನಕ್ಕ, ಇಬ್ಬರ ಮುಖವೂ ಬಾಡಿದೆ?"

"ತಲೆನೋವು ನರ್ಸಮ್ಮ. ಹೊಟ್ಟೆ ತೊಳೆಸುತ್ತೆ, ತಲೆ ಗಿರ್ ಅನ್ನುತ್ತೆ. ವಿಚಿತ್ರ ನೋಡಿ, ಅಂಗಡಿಗೆ ರಜೆ ಇದ್ದ ದಿನ ಏನೂ ಇರಲ್ಲ."

"ಮೈಗಳ್ಳತನ!" ಗಂಡ ನಕ್ಕ. "ನಮ್ಮ ಪುಟ್ಟಿನ ನೋಡಿ. ಮನೇಲಿ ಅತ್ತು ಊರೆಲ್ಲ ಒಂದು ಮಾಡ್ತಾಳೆ. ಇಲ್ಲಿಗೆ ಬಂದ್ರೆ ಗಪ್‌ಚಿಪ್. ಎಬ್ಬಿಸಿದ್ರೂ ಏಳಲ್ಲ!"

ನರ್ಸಮ್ಮ ತೊಟ್ಟಿಲಿಗೆ ಬಗ್ಗಿ ಮಗುವಿನ ಕೆನ್ನೆ ತಟ್ಟಿದರು; ಅದು ಮಿಸುಕಲಿಲ್ಲ. ಕೆಂಡ ನೋಡಿದರು, ಮುಚ್ಚಿದ ಕಿಟಕಿ ನೋಡಿದರು. ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದರು.

"ಇಬ್ಬರೂ ಹೊರಗೆ ಬನ್ನಿ! ಮೊದಲು ಹೊರಗೆ!"

"ಹೊಗೆಯೇ ಇಲ್ಲವಲ್ಲ ನರ್ಸಮ್ಮ..."

"ಕೆಂಡದ ವಿಷಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೂ ತಿಳಿಯಲ್ಲ ಅಣ್ಣ. ಮುಚ್ಚಿದ ಕೋಣೇಲಿ ತುಂಬಿಕೊಂಡ್ರೆ ಮೊದಲು ತಲೆನೋವು, ಆಮೇಲೆ ಏಳಲಾಗದ ನಿದ್ದೆ. ಆಂಬುಲೆನ್ಸ್ ಕರೀರಿ!"

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಗಂಡ ಮಗುವಿನ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಪುಟ್ಟಿ ಕಣ್ಣು ಬಿಟ್ಟಳು, ಬಾಯಿ ತೆರೆದಳು, ವಾರ್ಡೇ ಎದ್ದು ಕೂರುವಂತೆ ಕಿರುಚಿದಳು. ಅವನು ಗಳಗಳನೆ ಅತ್ತುಬಿಟ್ಟ.

"ಎಲ್ಲ ತಲೆನೋವೂ ಹೀಗೇನಾ ಡಾಕ್ಟ್ರೇ?" ಹೆಂಡತಿ ಕೇಳಿದಳು.

"ಇಲ್ಲಮ್ಮ. ನಿದ್ದೆಗೆಟ್ರೂ ನೋಯುತ್ತೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ರೂ, ಕಣ್ಣು ದಣಿದ್ರೂ ನೋಯುತ್ತೆ. ಅರೆತಲೆನೋವು ಅಂತ ಬೇರೆಯೇ ಇದೆ. ಆದ್ರೆ ಇದ್ದಕ್ಕಿದ್ದ ಹಾಗೆ, ಹಿಂದೆಂದೂ ಕಾಣದಷ್ಟು ಜೋರಾಗಿ ಬಂದ್ರೆ ಕಾಯಬೇಡಿ. ಜ್ವರದ ಜೊತೆ ಕುತ್ತಿಗೆ ಬಿಗಿದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ, ಕಣ್ಣು ಮಂಜಾದ್ರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಶುರುವಾದ್ರೆ ತಕ್ಷಣ ಬನ್ನಿ. ಪದೇ ಪದೇ ಮಾತ್ರೆ ಬೇಕಾಗ್ತಿದ್ರೂ ತೋರಿಸಿ. ದಿನಾ ನುಂಗಿದ್ರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು."

ಈಗ ಇಸ್ತ್ರಿ ಮೇಜು ಹೊರಗೆ, ತೆರೆದ ಗಾಳಿಯಲ್ಲಿದೆ. ಮಡಚಿದ ಬಟ್ಟೆಗೆ ಧೂಳು ಕೂರದಂತೆ ಹೊದಿಕೆ ಇದೆ. ಪುಟ್ಟಿಯ ಅರಚಾಟಕ್ಕೆ ಗಿರಾಕಿಗಳು ಕಿವಿ ಮುಚ್ಚಿಕೊಂಡರೆ ಗಂಡ ಹೇಳುತ್ತಾನೆ: "ಅರಚಲಿ ಬಿಡಿ ಸ್ವಾಮಿ. ಅವಳು ಸುಮ್ಮನಿದ್ರೇ ನನಗೆ ಭಯ."

ನಿಮ್ಮ ಮನೆಯಲ್ಲೂ ಯಾರಾದರೂ ಹಣೆ ಒತ್ತಿಕೊಂಡು ಕೂತಿದ್ದಾರೆಯೇ? ನೋವು ಎಲ್ಲಿದ್ದಾಗ ಬರುತ್ತದೆ, ಜೊತೆಗಿದ್ದವರಿಗೂ ಬರುತ್ತದೆಯೇ ಎಂದು ಕೇಳಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಬರೀ ತಲೆನೋವು ತಾನೇ ಎಂದು ನಕ್ಕು ಸುಮ್ಮನಾಗದೆ, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.